ಬೂಸ್ಟ್ ಬಟನ್ ಒತ್ತುವ ಮುಂಚೆ: ಕಲಬುರಗಿ ಬೇಳೆಗೆ ಆನ್‌ಲೈನ್ ಜಾಹೀರಾತು

ಕಲಬುರಗಿಯಲ್ಲಿ ತೊಗರಿ ಬೇಳೆ, ಜೋಳದ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿ ಪುಡಿ) ಮಾರುವವರು ಈಗ ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಜಾಹೀರಾತು ಹಾಕುತ್ತಿದ್ದಾರೆ. ಒಳ್ಳೆಯದೇ. ಆದರೆ ತುಂಬಾ ಜನ ಬೂಸ್ಟ್ (ದುಡ್ಡು ಕೊಟ್ಟು ಪೋಸ್ಟನ್ನು ಹೆಚ್ಚು ಜನರಿಗೆ ತೋರಿಸುವ ಬಟನ್) ಒತ್ತಿ, ಐನೂರು ರೂಪಾಯಿ ಹಾಕಿ, ಎಷ್ಟು ಲೈಕ್ ಬಂತು ಅಂತ ನೋಡುತ್ತಾ ಕೂರುತ್ತಾರೆ. ಲೈಕ್‌ನಿಂದ ಬೇಳೆ ಖರ್ಚಾಗುವುದಿಲ್ಲ.

ಮೊದಲು ಯಾರಿಗೆ ತೋರಿಸಬೇಕು ಅಂತ ಯೋಚಿಸಿ. ಆಳಂದ, ಚಿತ್ತಾಪುರ, ಸೇಡಂ ಕಡೆ ತೊಗರಿ ಬೆಳೆಯುವವರ ಮನೆಯಲ್ಲಿ ಬೇಳೆ ಇದ್ದೇ ಇರುತ್ತದೆ, ಅವರಿಗೆ ತೋರಿಸಿ ಏನು ಬಂತು? ಕೊಳ್ಳುವವರು ಬೆಂಗಳೂರು, ಪುಣೆ, ಹೈದರಾಬಾದ್‌ನಲ್ಲಿರುವ ನಮ್ಮ ಕಡೆಯವರು. ಬೂಸ್ಟ್ ಬಿಟ್ಟು, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಜಾಹೀರಾತುಗಳನ್ನು ಹೊಂದಿಸುವ ಆಡ್ಸ್ ಮ್ಯಾನೇಜರ್‌ಗೆ ಹೋಗಿ ಊರು ಆರಿಸಿ. ದುಡ್ಡು ಕಡಿಮೆ ಇದ್ದರೆ ಶುರುವಿಗೆ ಒಂದೇ ಊರು ಸಾಕು.

ಗೂಗಲ್‌ನಲ್ಲಿ ಹಾಕುವವರು ಲೊಕೇಶನ್ ಆಯ್ಕೆಗಳನ್ನು ತೆರೆದು ನೋಡಲೇಬೇಕು. ಸುಮ್ನೆ ಬಿಟ್ಟರೆ ಆ ಊರಲ್ಲಿ ಇರುವವರ ಜೊತೆಗೆ, ಆ ಊರಿನ ಬಗ್ಗೆ ಹುಡುಕಿದ ಬೇರೆ ಕಡೆಯವರಿಗೂ ಜಾಹೀರಾತು ಹೋಗುತ್ತದೆ. 'ಪ್ರೆಸೆನ್ಸ್' (ಆ ಊರಲ್ಲಿ ಇರುವವರು) ಮಾತ್ರ ಇಟ್ಟುಕೊಳ್ಳಿ. ಇನ್ನೊಂದು ಸೋರಿಕೆ ಹುಡುಕಾಟದ ಪದಗಳಲ್ಲಿದೆ. 'ತೊಗರಿ ರೇಟ್ ಇವತ್ತು' ಅಂತ ಹುಡುಕುವವರು ಮಾರಲು ಹೊರಟ ರೈತರು, ನಿಮ್ಮ ಗಿರಾಕಿ ಅಲ್ಲ, ಆದರೆ ಅವರು ಕ್ಲಿಕ್ ಮಾಡಿದರೂ ದುಡ್ಡು ಹೋಗುವುದು ನಿಮ್ಮದೇ. ರೇಟ್, ಎಪಿಎಂಸಿ, ಬೀಜ, ರೆಸಿಪಿ ಇವನ್ನೆಲ್ಲ, ಹುಡುಕಿದರೆ ಜಾಹೀರಾತು ತೋರಿಸಬಾರದ ಪದಗಳ ಪಟ್ಟಿಗೆ, ಅಂದರೆ ನೆಗೆಟಿವ್ ಕೀವರ್ಡ್‌ಗೆ ಸೇರಿಸಿ, ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ. ಜನ ಏನು ಹುಡುಕಿದಾಗ ಜಾಹೀರಾತು ಕಂಡಿತು ಅಂತ ಹೇಳುವ ಸರ್ಚ್ ಟರ್ಮ್ಸ್ ಪಟ್ಟಿಯನ್ನು ವಾರಕ್ಕೊಮ್ಮೆ ನೋಡಿದರೆ ಇನ್ನಷ್ಟು ಇಂಥ ಪದಗಳು ಸಿಗುತ್ತವೆ.

ವಿಡಿಯೊ ಫೋನ್‌ನಲ್ಲೇ ತೆಗೆಯಿರಿ. ಬೆಂದ ಬೇಳೆ ಕಾಣಲಿ, ಮೊದಲ ಮೂರು ಸೆಕೆಂಡಿನಲ್ಲೇ ಕಾಣಲಿ. ಅಂಗಡಿ ಲೋಗೊ ಆಮೇಲೆ ಬರಲಿ. ಬೆಲೆ, ಕೊರಿಯರ್ ಖರ್ಚು ಎರಡನ್ನೂ ಬರೆಯಿರಿ. ಆಗ ಸುಮ್ನೆ ವಿಚಾರಿಸುವವರು ಕಡಿಮೆಯಾಗುತ್ತಾರೆ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ (ಇದು ಈ ಪ್ರದೇಶದ ವಿಶಿಷ್ಟ ಉತ್ಪನ್ನ ಅನ್ನುವ ಮಾನ್ಯತೆ) ಸಿಕ್ಕಿದೆ, ಅದನ್ನು ಧೈರ್ಯವಾಗಿ ಹೇಳಿ. ಆದರೆ ಜಿಐ ಲೋಗೊ ಹಾಕಬೇಕಾದರೆ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡಿರಬೇಕು.

ಜಾಹೀರಾತು ನೇರವಾಗಿ ವಾಟ್ಸಾಪ್‌ಗೆ ಹೋಗುವಂತೆ ಇಡಿ. ಸಣ್ಣ ವ್ಯಾಪಾರಕ್ಕೆ ವೆಬ್‌ಸೈಟ್‌ಗಿಂತ ಅದೇ ವಾಸಿ ಅಂತ ನನ್ನ ಅನಿಸಿಕೆ. ಆದರೆ ಮೆಸೇಜ್ ಬಂದು ಅರ್ಧ ದಿನವಾದ ಮೇಲೆ ಉತ್ತರ ಕೊಟ್ಟರೆ ಅಷ್ಟರಲ್ಲಿ ಗಿರಾಕಿ ಬೇರೆ ಕಡೆ ಆರ್ಡರ್ ಮಾಡಿರುತ್ತಾರೆ, ಅಲ್ವಾ? ನೀವು ಕೂತು ಉತ್ತರಿಸುವ ಹೊತ್ತಿನಲ್ಲೇ ಜಾಹೀರಾತು ಓಡಿಸಿ. ವಾಟ್ಸಾಪ್ ಬಿಸಿನೆಸ್‌ನಲ್ಲಿ ಲೇಬಲ್ ಹಾಕಿ: ಹೊಸಬರು, ದುಡ್ಡು ಬರಬೇಕಾದವರು, ದುಡ್ಡು ಕೊಟ್ಟವರು.

ಈಗ ಲೆಕ್ಕ. 2,000 ರೂಪಾಯಿ ಖರ್ಚಾಯಿತು, 40 ಮೆಸೇಜ್ ಬಂತು, 8 ಆರ್ಡರ್ ಆಯಿತು ಅಂದುಕೊಳ್ಳಿ. ಒಂದು ಆರ್ಡರ್‌ಗೆ 250 ರೂಪಾಯಿ ಬಿತ್ತು. ಜಾಹೀರಾತು ಖರ್ಚಿನ ಮೇಲೆ ಶೇ. 18 ಜಿಎಸ್‌ಟಿ ಸೇರಿಸಿದರೆ 295. ಒಂದು ಕಿಲೋ ಪ್ಯಾಕೆಟ್ ಮಾರಿ ಇದು ಗಿಟ್ಟುವುದಿಲ್ಲ. ಐದು ಕಿಲೋ ಚೀಲ, ಅಥವಾ ಬೇಳೆ, ರೊಟ್ಟಿ, ಹಿಂಡಿ ಒಟ್ಟಿಗೆ ಇರುವ ಪ್ಯಾಕ್ ಮಾಡಿ ಅದನ್ನೇ ಜಾಹೀರಾತಿನಲ್ಲಿ ತೋರಿಸಿ. ದಿನಾ ಸೆಟ್ಟಿಂಗ್ ಬದಲಾಯಿಸಬೇಡಿ, ಕನಿಷ್ಠ ಒಂದು ವಾರ ಬಿಡಿ, ಯಾರಿಗೆ ತೋರಿಸಿದರೆ ಒಳ್ಳೆಯದು ಅಂತ ಫೇಸ್‌ಬುಕ್, ಇನ್‌ಸ್ಟಾಗ್ರಾಂ ನಡೆಸುವ ಮೆಟಾಗೂ ಕಲಿಯಲು ಸಮಯ ಬೇಕು.

ಒಮ್ಮೆ ಕೊಂಡವರಿಗೆ ಮತ್ತೆ ಜಾಹೀರಾತಿನ ದುಡ್ಡು ಹಾಕಬೇಡಿ. ಒಪ್ಪಿದವರನ್ನು ವಾಟ್ಸಾಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಗೆ (ಒಂದೇ ಮೆಸೇಜ್ ಹಲವರಿಗೆ ಬೇರೆ ಬೇರೆಯಾಗಿ ಕಳಿಸುವ ಪಟ್ಟಿ) ಸೇರಿಸಿ. ಅವರ ಫೋನ್‌ನಲ್ಲಿ ನಿಮ್ಮ ನಂಬರ್ ಸೇವ್ ಆಗಿರದಿದ್ದರೆ ಮೆಸೇಜ್ ತಲುಪುವುದಿಲ್ಲ, ಹಾಗಾಗಿ ನಂಬರ್ ಸೇವ್ ಮಾಡಿಕೊಳ್ಳಿ ಅಂತ ಪಾರ್ಸೆಲ್ ಒಳಗೆ ಒಂದು ಚೀಟಿ ಇಡಿ.