ಸಂದಕ್‌ಫು ಓಟಕ್ಕೆ ಬೆಟ್ಟದ ತಾಲೀಮು: ಇಳಿಯುವುದನ್ನೂ ಕಲಿಯಿರಿ

ಡಾರ್ಜಿಲಿಂಗ್ ಜಿಲ್ಲೆಯ ಸಿಂಗಲೀಲಾ ಬೆಟ್ಟಸಾಲಿನಲ್ಲಿ ನಡೆಯುವ ಹಿಮಾಲಯನ್ 100 ಮೈಲ್ ಸ್ಟೇಜ್ ರೇಸ್‌ನಲ್ಲಿ ಐದು ದಿನಗಳಲ್ಲಿ ಸುಮಾರು 160 ಕಿಲೋಮೀಟರ್ ಕ್ರಮಿಸಬೇಕು. ಮೊದಲ ದಿನವೇ ಮಾನೆಭಂಜಾಂಗ್‌ನಿಂದ 3,636 ಮೀಟರ್ ಎತ್ತರದ ಸಂದಕ್‌ಫುವಿಗೆ ಹತ್ತಬೇಕು. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್ ಇದ್ದರೆ, ಈ ಓಟ ಹೊರಡುವ ಊರೇ ಹೆಚ್ಚುಕಡಿಮೆ ಆ ಎತ್ತರದಲ್ಲಿದೆ. ನಮ್ಮ ಬೆಟ್ಟಗಳು ಮುಗಿಯುವಲ್ಲಿ ಅಲ್ಲಿಯ ಏರು ಶುರುವಾಗುತ್ತದೆ. ಅಲ್ಲಿಯ ತೆಳುಗಾಳಿಯನ್ನು ಇಲ್ಲಿಗೆ ತರಲಾಗದು, ಆದರೆ ಅಲ್ಲಿಗೆ ಬೇಕಾದ ಕಾಲುಗಳನ್ನು ಇಲ್ಲಿಯೇ ಕಟ್ಟಿಕೊಳ್ಳಬಹುದು.

ತಯಾರಿಯೆಂದರೆ ಬೆಟ್ಟ ಹತ್ತುವುದು ಎಂದೇ ಬಹಳ ಜನ ತಿಳಿದಿರುತ್ತಾರೆ. ಏರುವಾಗ ಏದುಸಿರು ಬರುತ್ತದೆ, ನಿಂತರೆ ಕೆಲವೇ ನಿಮಿಷಗಳಲ್ಲಿ ಉಸಿರು ಹದಕ್ಕೆ ಮರಳುತ್ತದೆ. ಇಳಿಯುವಾಗಿನ ಪೆಟ್ಟು ಹಾಗಲ್ಲ. ಇಳಿಜಾರಿನಲ್ಲಿ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಮೈಭಾರವನ್ನು ತಡೆದು ಹಿಡಿಯಬೇಕಾಗುವುದರಿಂದ ಅದರ ಎಳೆಗಳಲ್ಲಿ ಸಣ್ಣ ಸಣ್ಣ ಹಾನಿಯಾಗುತ್ತದೆ, ಮತ್ತು ಆ ನೋವು ಒಂದೆರಡು ದಿನ ಕಳೆದ ಮೇಲೆ ತನ್ನ ಪೂರ್ತಿ ಬಲದಲ್ಲಿ ಕಾಣಿಸಿಕೊಳ್ಳುತ್ತದೆ. ಒಂದು ದಿನದ ಓಟದಲ್ಲಿ ಇದನ್ನು ಹೇಗೋ ಸಹಿಸಿಕೊಳ್ಳಬಹುದು. ಆದರೆ ಇಲ್ಲಿ ಮೂರನೆಯ ದಿನ ಮ್ಯಾರಥಾನ್ ದೂರವನ್ನು ಓಡಿ, ಕೊನೆಯಲ್ಲಿ ಸಾವಿರಕ್ಕೂ ಹೆಚ್ಚು ಮೀಟರ್ ಇಳಿದು ರಿಂಬಿಕ್ ತಲುಪಬೇಕು, ಅದರ ಮೇಲೆ ಇನ್ನೂ ಎರಡು ದಿನಗಳ ಓಟ ಉಳಿದಿರುತ್ತದೆ.

ಸ್ನಾಯುವಿಗೆ ಒಂದು ಒಳ್ಳೆಯ ಗುಣವಿದೆ: ಇಂಥ ಪೆಟ್ಟನ್ನು ಒಮ್ಮೆ ತಿಂದು ಚೇತರಿಸಿಕೊಂಡರೆ, ಮುಂದಿನ ಕೆಲವು ವಾರಗಳವರೆಗೆ ಅದೇ ಕೆಲಸ ಅದನ್ನು ಅಷ್ಟಾಗಿ ನೋಯಿಸುವುದಿಲ್ಲ. ನನ್ನ ದೃಷ್ಟಿಯಲ್ಲಿ ಇಡೀ ತಯಾರಿ ಈ ಗುಣವನ್ನು ಆಧರಿಸಿರಬೇಕು.

ಮೈಸೂರಿನವರಿಗೆ ಚಾಮುಂಡಿ ಬೆಟ್ಟದ 1,008 ಮೆಟ್ಟಿಲುಗಳಿಗಿಂತ ಒಳ್ಳೆಯ ಶಾಲೆ ಇಲ್ಲ. ಮೊದಲ ಎರಡು ವಾರ ನಡೆದೇ ಹತ್ತಿ, ನಡೆದೇ ಇಳಿಯಿರಿ. ಮೊದಲ ಸಲವೇ ಓಡಿ ಇಳಿದವರು ಮರುದಿನ ಮನೆಯ ಮೆಟ್ಟಿಲನ್ನು ಗೋಡೆ ಹಿಡಿದು ಅಡ್ಡಡ್ಡವಾಗಿ ಇಳಿಯುವುದನ್ನು ಕಂಡಿದ್ದೇನೆ. ಮೂರನೆಯ ವಾರದಿಂದ ನಿಧಾನವಾಗಿ ಓಡಿ ಇಳಿಯಬಹುದು. ಹೆಜ್ಜೆ ಗಿಡ್ಡವಾಗಿರಲಿ, ಮಂಡಿ ಸ್ವಲ್ಪ ಬಾಗಿರಲಿ, ಪಾದವು ಮೈಯಿಂದ ಮುಂದಕ್ಕೆ ಚಾಚದೆ ಸೊಂಟದ ನೇರಕ್ಕೆ ಬೀಳಲಿ, ದೃಷ್ಟಿ ಮೂರು ನಾಲ್ಕು ಮೀಟರ್ ಮುಂದಿರಲಿ. ಹೆದರಿಕೆಯಿಂದ ಹಿಂದಕ್ಕೆ ವಾಲಿದರೆ ಹಿಮ್ಮಡಿ ಕುಟ್ಟಿ, ಆ ಪೆಟ್ಟೆಲ್ಲ ಮಂಡಿಗೆ ಹೋಗುತ್ತದೆ. ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುವ ಭಕ್ತರು ಅಲ್ಲಿರುತ್ತಾರೆ. ಅವರಿಗೆ ದಾರಿ ಬಿಟ್ಟುಕೊಡಿ, ಮಂಜು ಬಿದ್ದ ಬೆಳಿಗ್ಗೆ ಆ ಪುಡಿ ಅಂಟಿದ ಕಲ್ಲಿನ ಮೇಲೆ ಕಾಲು ಜಾರುವುದನ್ನೂ ನೆನಪಿಡಿ.

ಏರುವಾಗ ಓಡಲೇಬೇಕೆಂಬ ಹಟ ಬೇಡ. ಕಡಿದಾದ ಕಡೆ ಅಂಗೈಗಳನ್ನು ತೊಡೆಗೆ ಊರಿ, ಒಂದು ಪೂರ್ತಿ ವಾಕ್ಯ ಮಾತನಾಡಲು ಆಗುವಷ್ಟು ಉಸಿರು ಉಳಿಸಿಕೊಂಡು ಬಿರುಸಾಗಿ ನಡೆಯುವುದನ್ನು ಪ್ರತ್ಯೇಕವಾಗಿ ಅಭ್ಯಾಸ ಮಾಡಬೇಕು. ಬೆಂಗಳೂರಿನವರಿಗೆ ಇದಕ್ಕೆ ನಂದಿ ಬೆಟ್ಟವಿದೆ. ಆದರೆ ಡಾಂಬರು ರಸ್ತೆಯೊಂದೇ ಸಾಲದು, ಏಕೆಂದರೆ ಸಂದಕ್‌ಫುವಿನ ಕಡೆಯ ದಾರಿಯಲ್ಲಿ ಒಂದಕ್ಕೊಂದು ಸಮವಲ್ಲದ ಕಲ್ಲುಗಳ ನೆಲವೂ ಸಿಗುತ್ತದೆ. ಅಂಥ ನೆಲದಲ್ಲಿ ಪಾದದ ಕೀಲು ಕ್ಷಣಕ್ಷಣಕ್ಕೂ ಹೊರಳುತ್ತದೆ. ವಾರಕ್ಕೆ ಒಮ್ಮೆಯಾದರೂ ಕಲ್ಲುದಾರಿಯಲ್ಲಿ ನಡೆಯಿರಿ, ಮನೆಯಲ್ಲಿ ಒಂಟಿ ಕಾಲಿನ ಮೇಲೆ ನಿಲ್ಲುವ ಅಭ್ಯಾಸವನ್ನೂ ಮಾಡಿ.

ನಾಲ್ಕು ತಿಂಗಳ ತಯಾರಿಯಲ್ಲಿ ಎರಡನೆಯ ತಿಂಗಳಿನಿಂದ ಶನಿವಾರ ಮತ್ತು ಭಾನುವಾರ ಬೆನ್ನುಬೆನ್ನಿಗೆ ಬೆಟ್ಟಕ್ಕೆ ಹೋಗಬೇಕು. ಭಾನುವಾರದ ವೇಗ ಎಷ್ಟಿತ್ತೆಂಬುದು ಮುಖ್ಯವಲ್ಲ, ದಣಿದ ಕಾಲುಗಳಲ್ಲೂ ಹೆಜ್ಜೆ ತಪ್ಪದಿರುವುದು ಮುಖ್ಯ. ಮೂರನೆಯ ತಿಂಗಳಲ್ಲಿ ಒಮ್ಮೆ, ಅರಣ್ಯ ಇಲಾಖೆಯ ಅನುಮತಿ ಪಡೆದು, ಕುಕ್ಕೆಯ ಕಡೆಯಿಂದ 1,712 ಮೀಟರ್ ಎತ್ತರದ ಕುಮಾರ ಪರ್ವತವನ್ನು ಹತ್ತಿ ಇಳಿಯಿರಿ. ಅಷ್ಟು ದೀರ್ಘ ಇಳಿಜಾರು ನಮ್ಮಲ್ಲಿ ಸುಲಭವಾಗಿ ಸಿಗುವುದಿಲ್ಲ. ಓಟದ ದಿನ ಹೊರುವ ಚೀಲ, ತೊಡುವ ಶೂ, ಹಿಡಿಯುವ ಊರುಗೋಲು ಎಲ್ಲವೂ ಅಂದೇ ಜೊತೆಗಿರಲಿ. ಇಳಿಯುವಾಗ ಬೆರಳುಗಳು ಶೂ ತುದಿಗೆ ಬಡಿದು ಉಗುರು ಕಪ್ಪಾದರೆ ಶೂ ಚಿಕ್ಕದೆಂದು ಅರ್ಥ. ಕಠಿಣವಾದ ಕೊನೆಯ ಇಳಿತ ಓಟಕ್ಕೆ ಎರಡು ಮೂರು ವಾರ ಮೊದಲೇ ಮುಗಿದಿರಬೇಕು, ಅನಂತರ ಕೆಲಸವನ್ನು ಅರ್ಧಕ್ಕೆ ಇಳಿಸಬೇಕು.

ಸಂದಕ್‌ಫುವಿನಲ್ಲಿ ಪ್ರತಿ ಉಸಿರಿಗೆ ದಕ್ಕುವ ಆಮ್ಲಜನಕ ಸಮುದ್ರಮಟ್ಟದಲ್ಲಿ ದಕ್ಕುವುದರ ಸುಮಾರು ಮೂರನೇ ಎರಡು ಭಾಗ ಮಾತ್ರ. ಆದ್ದರಿಂದ ಕೆಲವು ದಿನ ಮುಂಚಿತವಾಗಿಯೇ ಡಾರ್ಜಿಲಿಂಗ್ ತಲುಪಿ, ಮೊದಲ ದಿನದ ಏರನ್ನು ಊರಿನ ವೇಗಕ್ಕಿಂತ ಬಹಳ ನಿಧಾನವಾಗಿ ಹತ್ತಬೇಕು. ತಲೆನೋವಿನ ಜೊತೆ ವಾಂತಿಯಾದರೆ ಮೇಲಕ್ಕೆ ಹೋಗದೆ ವೈದ್ಯರಿಗೆ ತಿಳಿಸಿ. ನಡಿಗೆ ತೂರಾಡಿದರೆ ಅಥವಾ ಕುಳಿತಲ್ಲೂ ಉಸಿರು ಕಟ್ಟಿದರೆ ರಾತ್ರಿ ಕಳೆಯಲೆಂದು ಕಾಯದೆ, ಯಾರನ್ನಾದರೂ ಜೊತೆ ಮಾಡಿಕೊಂಡು ಕೂಡಲೇ ಕೆಳಗಿಳಿಯಬೇಕು.