ಆಕಸ್ಮಿಕವಾಗಿ ಸಿಕ್ಕವರ ಬಗ್ಗೆ ಇಂಗ್ಲಿಷಿನಲ್ಲಿ ಹೇಳುವಾಗ
ಹಳೇ ಗೆಳತಿ ಮಾರ್ಕೆಟ್ಟಿನಲ್ಲಿ ಅಚಾನಕ್ಕಾಗಿ ಸಿಕ್ಕಳು ಅನ್ನುವುದಕ್ಕೆ 'ಐ ಸಡನ್ಲಿ ಮೆಟ್ ಹರ್' ಬೇಡ. 'ಐ ರ‍್ಯಾನ್ ಇಂಟು ಹರ್' ಅಥವಾ 'ಐ ಬಂಪ್ಡ್ ಇಂಟು ಹರ್' ಅನ್ನಿ. ಆಕಸ್ಮಿಕ ಅನ್ನುವ ಅರ್ಥ ಅದರೊಳಗೇ ಇದೆ, 'ಸಡನ್ಲಿ' ಸುಮ್ನೆ ಭಾರ. ಬರೀ 'ಮೆಟ್' ಅಂದರೆ ಮೊದಲೇ ಮಾತಾಡಿಕೊಂಡು ಸೇರಿದಂತೆ, ಇಲ್ಲವೇ ಅವತ್ತೇ ಪರಿಚಯವಾದಂತೆ ಕೇಳಿಸಬಹುದು. ಎದುರಿಗೇ ಸಿಕ್ಕಾಗ 'ವಾಟ್ ಎ ಸರ್‌ಪ್ರೈಸ್!' ಸಾಕು. 'ಫ್ಯಾನ್ಸಿ ಸೀಯಿಂಗ್ ಯು ಹಿಯರ್' ಬ್ರಿಟಿಷರ ಮಾತು, ನಮ್ಮ ಆಫೀಸುಗಳಲ್ಲಿ ಸ್ವಲ್ಪ ನಾಟಕ ಜಾಸ್ತಿ ಅನ್ನಿಸುತ್ತದೆ. ಕಾರು, ಬೈಕಿನ ಮಾತು ನಡೆದಿದ್ದರೆ ಮಾತ್ರ 'ರ‍್ಯಾನ್ ಇಂಟು' ಬಿಡಿ, ಗುದ್ದಿದೆ ಅಂತಾಗುತ್ತದೆ! ವ್ಯಕ್ತಿಯಲ್ಲ, ಯಾವುದೋ ಪುಸ್ತಕವೋ ಹಳೇ ಫೋಟೋವೋ ಸಿಕ್ಕಿದ್ದಾದರೆ 'ಕೇಮ್ ಅಕ್ರಾಸ್' ಹೇಳಿ.