ಮಂಡಿ ನೋವಿಗೆ ಸಮುದ್ರದ ಮಾತ್ರೆ: ನುಂಗುವ ಮುಂಚೆ ಡಬ್ಬಿ ತಿರುಗಿಸಿ ಓದಿ

ಅಡಿಕೆ ಸುಲಿತದ ದಿನಗಳಲ್ಲಿ ನಮ್ಮಮ್ಮ ರಾತ್ರಿ ಹತ್ತರವರೆಗೂ ಮೆಟ್ಟುಗತ್ತಿ ಮುಂದೆ ಕೂರುತ್ತಾರೆ. ಏಳುವಾಗ ಗೋಡೆ ಹಿಡಿಯಲೇಬೇಕು. ಕಳೆದ ವರ್ಷ ನೆಂಟರೊಬ್ಬರು ‘ಸಮುದ್ರದ್ದು, ಏನೂ ತೊಂದರೆ ಇಲ್ಲ’ ಅಂತ ಒಂದು ಡಬ್ಬಿ ಕೊಟ್ಟು ಹೋದರು. ನಿಮ್ಮ ಮನೆಗೂ ಇಂಥದ್ದು ಬಂದಿರಬಹುದು, ಅಲ್ವಾ? ಬಂದಿದ್ದರೆ ಹೀಗೆ ಮಾಡಿ.

ಮೊದಲು ನೋವು ಯಾವುದು ಅಂತ ವೈದ್ಯರಿಂದ ತಿಳಿದುಕೊಳ್ಳಿ. ಮಂಡಿ ಸವೆತ ಬೇರೆ, ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುವ ರುಮಟಾಯ್ಡ್ ಸಂಧಿವಾತ ಬೇರೆ. ಬೆಳಿಗ್ಗೆ ಎದ್ದು ಒಂದು ಗಂಟೆಯಾದರೂ ಬೆರಳು ಮಡಚಲು ಬರದಿದ್ದರೆ ಎರಡನೆಯದರ ಅನುಮಾನ. ಅದಕ್ಕೆ ತಡಮಾಡದೆ ಔಷಧಿ ಶುರುವಾಗಬೇಕು. ಶಿವಮೊಗ್ಗ ಜಿಲ್ಲೆಯ ಸಾಗರ ಕಡೆ ಕಾಣುವ, ಕೀಲುಗಳನ್ನು ಹಾಳುಮಾಡುವ ಹಂದಿಗೋಡು ಕಾಯಿಲೆ ವಂಶದಲ್ಲಿ ಬರುವಂಥದ್ದು, ಈ ಮಾತ್ರೆಗಳು ಅದಕ್ಕೆ ಮದ್ದಲ್ಲ.

ಆಮೇಲೆ ಡಬ್ಬಿಯ ಹಿಂಭಾಗ ಓದಿ. ಗ್ಲುಕೋಸಮೈನ್ ಅಂತಿದ್ದರೆ ಅದು ಹೆಚ್ಚಾಗಿ ಸೀಗಡಿ, ಏಡಿಯ ಚಿಪ್ಪಿನಿಂದ ತೆಗೆದದ್ದು. ಸೀಗಡಿ ತಿಂದರೆ ಮೈಯೆಲ್ಲ ದದ್ದು ಏಳುವವರು ಕೇಳದೆ ನುಂಗಬಾರದು. ಮೀನು ಮುಟ್ಟದ ಮನೆಗಳಿಗೂ ಇದು ಗೊತ್ತಿರಬೇಕು. ಇದರ ಜೊತೆ ಬರುವ ಕಾಂಡ್ರಾಯ್ಟಿನ್ ಶಾರ್ಕ್ ಮೀನಿನ ಮೆದುಮೂಳೆಯದೂ ಆಗಿರಬಹುದು. 2006ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದರಲ್ಲಿ ಮಂಡಿ ಸವೆತದ 1,583 ಮಂದಿ ಇದ್ದರು. ಒಟ್ಟಾರೆ ನೋಡಿದರೆ ಇವೆರಡೂ ಮದ್ದಿಲ್ಲದ ಮಾತ್ರೆಗಿಂತ ಜಾಸ್ತಿ ಕೆಲಸ ಮಾಡಲಿಲ್ಲ. ನೋವು ಮಧ್ಯಮದಿಂದ ತೀವ್ರವಾಗಿದ್ದ ಸಣ್ಣ ಗುಂಪಿಗೆ ಮಾತ್ರ ಎರಡನ್ನೂ ಸೇರಿಸಿ ಕೊಟ್ಟಾಗ ಒಂದಿಷ್ಟು ಗುಣ ಕಂಡಿತು.

ಮೀನೆಣ್ಣೆಯ ಕತೆ ಬೇರೆ. ರುಮಟಾಯ್ಡ್ ಇರುವವರಿಗೆ ಮೀನೆಣ್ಣೆಯಲ್ಲಿರುವ ಒಮೆಗಾ-3 ಕೊಬ್ಬುಗಳಾದ ಇಪಿಎ, ಡಿಎಚ್‌ಎ ಎರಡೂ ಸೇರಿ ದಿನಕ್ಕೆ ಸುಮಾರು 2.7 ಗ್ರಾಂ ಕೊಟ್ಟಾಗ, ಮೂರು ತಿಂಗಳಲ್ಲಿ ನೋವು ಸ್ವಲ್ಪ ಇಳಿದದ್ದಿದೆ. ಈಗ ಲೆಕ್ಕ ಹಾಕಿ. ಅಮ್ಮನಿಗೆ ನೆಂಟರು ಕೊಟ್ಟಿದ್ದು ಮೀನೆಣ್ಣೆ; ಆ ಡಬ್ಬಿ ಮೇಲೆ ದಪ್ಪಕ್ಷರದಲ್ಲಿ 1000 ಮಿ.ಗ್ರಾಂ. ಹಿಂದೆ ಸಣ್ಣಕ್ಷರದಲ್ಲಿ ಇಪಿಎ 180, ಡಿಎಚ್‌ಎ 120. ಕೆಲಸಕ್ಕೆ ಬರುವುದು ಬರೀ 300! 2.7 ಗ್ರಾಂ ಆಗಲು ಒಂಬತ್ತು ಮಾತ್ರೆ ಬೇಕು. ಹಾಗಂತ ಒಂಬತ್ತು ನುಂಗಬೇಡಿ, ಎಷ್ಟು ಅಂತ ವೈದ್ಯರೇ ಹೇಳಲಿ. ಘಟ್ಟ ಹತ್ತಿ ಬರುವ ಬೂತಾಯಿ, ಬಂಗುಡೆಯಲ್ಲೂ ಇದೇ ಎಣ್ಣೆ ಇದೆ. ತಿನ್ನುವವರು ವಾರಕ್ಕೆರಡು ಸಲ ಸಾರು ಮಾಡಿಕೊಳ್ಳಿ.

ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಗ್ಲುಕೋಸಮೈನ್ ಆಗಲಿ ಮೀನೆಣ್ಣೆಯಾಗಲಿ ಸುಮ್ನೆ ಶುರು ಮಾಡಬೇಡಿ. ರಕ್ತಸ್ರಾವದ ಭಯವಿದೆ.

ಅಮ್ಮನದು ಸವೆತ ಅಂತ ಗೊತ್ತಾಯಿತು. ಡಬ್ಬಿ ಪಕ್ಕಕ್ಕಿಟ್ಟೆವು. ವೈದ್ಯರು ತೊಡೆಯ ಬಲಕ್ಕೆ ಒಂದು ವ್ಯಾಯಾಮ ಹೇಳಿಕೊಟ್ಟರು. ಕುರ್ಚಿಯಲ್ಲಿ ಕೂತು, ಒಂದು ಕಾಲನ್ನು ನೇರ ಚಾಚಿ, ಐದು ಎಣಿಸಿ ಮೆಲ್ಲಗೆ ಇಳಿಸುವುದು. ಈಗ ಒಂದೊಂದು ಬುಟ್ಟಿ ಅಡಿಕೆ ಮುಗಿದ ಮೇಲೂ ಎದ್ದು ಬಂದು ಒಂದೊಂದು ಕಾಲಿಗೆ ಹತ್ತು ಸಲ ಮಾಡುತ್ತಾರೆ.